ಪಿಎಚ್.ಡಿ. ಗೈಡ್ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ

ವಿಜಯಪುರ, ಬಾಗಲಕೋಟೆ ಕಡೆಯ ತತ್ತ್ವಶಾಸ್ತ್ರ ಎಂ.ಎ. ಪದವೀಧರರಲ್ಲಿ ನನ್ನ ವಿನಂತಿ ಇಷ್ಟೇ: ‘ಗೈಡ್ ಕೊಡಿಸುತ್ತೇವೆ, ನೋಂದಣಿ ನಮ್ಮ ಹೊಣೆ’ ಎನ್ನುವ ಸಂಶೋಧನಾ ಸಲಹಾ ಕೇಂದ್ರಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಿಜಯಪುರದ ಅಂಥದೊಂದು ಕೇಂದ್ರ ನನ್ನಿಂದ 45,000 ರೂಪಾಯಿ ಪಡೆದದ್ದಲ್ಲದೆ ನನ್ನ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕಗಳನ್ನೂ ವ್ಯರ್ಥ ಮಾಡಿತು.

ನಮ್ಮ ವಿಷಯದಲ್ಲಿ ಗೈಡ್ ಸಿಗುವ ಕಷ್ಟ ನಿಮಗೆ ಗೊತ್ತೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇತ್ತ, ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದ ನನ್ನಂಥವರ ಅಂಕಗಳಿಗೆ ಒಂದೇ ವರ್ಷದ ಮಾನ್ಯತೆ. ಈ ಆತುರವನ್ನೇ ಇಂಥ ಕೇಂದ್ರದವರು ಬಂಡವಾಳ ಮಾಡಿಕೊಂಡಿದ್ದಾರೆ.

ನಾನೇ ಕುಳಿತು ಬರೆದ ಸಾರಲೇಖವನ್ನು (ಸಂಶೋಧನೆಯ ಸಿನಾಪ್ಸಿಸ್) ಆ ಕೇಂದ್ರದವರಿಗೆ ಕೊಟ್ಟಿದ್ದೆ. ನಿಂಬಾಳದ ಸಂತ, ತತ್ತ್ವಜ್ಞಾನಿ ಗುರುದೇವ ರಾನಡೆಯವರು ಉಪನಿಷತ್ತುಗಳ ತತ್ತ್ವವಿಚಾರವನ್ನು ಅನುಭಾವದಲ್ಲಿ, ಅಂದರೆ ದೈವದ ನೇರ ಅನುಭವದಲ್ಲಿ, ಕೊನೆಗಾಣಿಸುತ್ತಾರಲ್ಲ, ಆ ಅನುಭಾವ ತತ್ತ್ವಶಾಸ್ತ್ರದ ಚರ್ಚೆಯಲ್ಲಿ ಪ್ರಮಾಣವಾಗಿ, ಅಂದರೆ ಜ್ಞಾನಕ್ಕೆ ಆಧಾರವಾಗಿ, ನಿಲ್ಲಬಲ್ಲದೇ ಎಂಬುದು ನನ್ನ ಪ್ರಶ್ನೆ. ತಿಂಗಳುಗಟ್ಟಲೆ ಕಾಯಿಸಿದ ಮೇಲೆ ‘ಗೈಡ್ ತಿದ್ದಿದ ಪ್ರತಿ’ ಬಂತು. ಅದರ ಮೊದಲ ಪುಟದಲ್ಲೇ, 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ರಾನಡೆಯವರು ಎಂಟನೆಯ ಶತಮಾನದಲ್ಲಿ ಕಾಲಡಿಯಲ್ಲಿ ಜನಿಸಿ ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆದಿದ್ದರು! ಶಂಕರರ ಮೇಲಿನ ಯಾರದೋ ಪ್ರಬಂಧವನ್ನು ತೆಗೆದುಕೊಂಡು, ಶಂಕರ ಎಂದಿದ್ದಲ್ಲೆಲ್ಲ ರಾನಡೆ ಎಂದು ಬದಲಿಸಿದ್ದರು. ನನ್ನ ಪ್ರಶ್ನೆಯ ಒಂದು ಸಾಲೂ ಅದರಲ್ಲಿ ಉಳಿದಿರಲಿಲ್ಲ, ಆದರೆ ಕೆಳಗೆ ನನ್ನ ಹೆಸರಿತ್ತು. ನಾಚಿಕೆಯಿಂದ ಅದನ್ನು ಮನೆಯಲ್ಲಿಯೂ ಯಾರಿಗೂ ತೋರಿಸಲಿಲ್ಲ.

ಕೇಳಿದರೆ, ‘ಟೈಪಿಂಗ್ ಮಿಸ್ಟೇಕ್ ಅದರಿ ಸರ್’ ಎಂದರು. ಒತ್ತಾಯಿಸಿದಾಗ, ‘ಫಿಲಾಸಫಿ ಒಳಗ ಎಲ್ಲಾರೂ ಹೇಳೂದು ಒಂದ ಅಲ್ರೀ? ಯಾರ್ ಓದತಾರ್ರೀ?’ ಎಂದರು. ಈ ಮಾತು ಹಣ ಹೋದದ್ದಕ್ಕಿಂತ ಹೆಚ್ಚು ಉರಿಸಿತು. ಅವರು ಹೇಳಿದ್ದ ಹೊರರಾಜ್ಯದ ವಿಶ್ವವಿದ್ಯಾಲಯದ ವಿಭಾಗಕ್ಕೆ ನಾನೇ ಫೋನ್ ಮಾಡಿದಾಗ, ಆ ಗೈಡ್ ಆಗಲೇ ನಿವೃತ್ತರಾಗಿದ್ದಾರೆಂದೂ ನನ್ನ ಹೆಸರಿನ ಅರ್ಜಿಯೇ ಬಂದಿಲ್ಲವೆಂದೂ ತಿಳಿಯಿತು. ಅದಕ್ಕೂ ಉತ್ತರ ಸಿದ್ಧವಿತ್ತು: ‘ನಿವೃತ್ತಿ ಆದ್ರ ಏನಾತ್ರೀ, ಸಹಿ ನಡೀತದ.’ ಪಿಎಚ್.ಡಿ.ಗೆ ಬೇಕಾದ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ (ತರಗತಿ ಪಾಠ) ಎಲ್ಲಿ ಎಂದರೆ, ‘ವಾಟ್ಸಾಪ್‌ನ್ಯಾಗ ಮುಗಸೂಣ್ರಿ.’

ಅಷ್ಟರಲ್ಲಿ ನನ್ನ ಅಂಕಗಳ ಅವಧಿ ಮುಗಿದಿತ್ತು. ಇನ್ನು ಮತ್ತೆ ನೆಟ್ ಬರೆಯಬೇಕು.

ಯಾರೇ ಗೈಡ್ ಹೆಸರು ಹೇಳಲಿ, ವಿಭಾಗಕ್ಕೆ ನೀವೇ ಫೋನ್ ಮಾಡಿ, ಅವರ ಸೇವೆ ಎಷ್ಟು ಉಳಿದಿದೆ, ಸೀಟು ಖಾಲಿ ಇದೆಯೇ, ಕೋರ್ಸ್‌ವರ್ಕ್ ಎಲ್ಲಿ ನಡೆಯುತ್ತದೆ ಎಂದು ಕೇಳಿ. ಪಿಎಚ್.ಡಿ. ನಿಯಮ ಪಾಲಿಸದ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಯುಜಿಸಿ 2025ರ ಜನವರಿಯಲ್ಲಿ ಐದು ವರ್ಷಗಳ ಕಾಲ ಹೊಸ ಪ್ರವೇಶ ನಿಷೇಧಿಸಿತು. ಅಂಥಲ್ಲಿ ಸೇರಿದವರ ಗತಿಯನ್ನು ಯೋಚಿಸಿ.

ಹಣ ವಾಪಸ್ ಕೇಳಿದಾಗ, ‘ನೋಂದಣಿ ಫೀ ಎಲ್ಲಿ ತಗೊಂಡೀವ್ರಿ? ರಸೀದಿ ನೋಡ್ರಿ’ ಎಂದರು. ರಸೀದಿಯಲ್ಲಿ ‘ಪುಸ್ತಕ ಮತ್ತು ಟೈಪಿಂಗ್ ವೆಚ್ಚ’ ಎಂದಷ್ಟೇ ಇದೆ. ಆ ರಸೀದಿಯೊಂದಿಗೇ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಇಂಥ ಕೇಂದ್ರಕ್ಕೆ ಈಗಾಗಲೇ ಹಣ ಕಟ್ಟಿದವರು ತಮ್ಮ ರಸೀದಿಯನ್ನು ಇವತ್ತೇ ತೆಗೆದು ಓದಿ.