ಗುಡ್ಡವೂ ಮಳೆಯೂ ಇರುವ ಊರಿಗೆ ಯಾವ ಸೈಕಲ್ ಬ್ರೇಕ್: ರಾಡ್, ಕ್ಯಾಲಿಪರ್, ವಿ-ಬ್ರೇಕ್, ಡಿಸ್ಕ್

ಮಂಗಳೂರಿನಲ್ಲಿ ದಿನನಿತ್ಯ ಸೈಕಲ್ ತುಳಿಯುವವರು ಗೇರಿಗಿಂತ ಮೊದಲು ಬ್ರೇಕಿನ ಬಗ್ಗೆ ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೇರ್ ಸಾಲದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು. ಬ್ರೇಕ್ ಸಾಲದಿದ್ದರೆ ಅಂಥ ದಾರಿಯಿಲ್ಲ. ಈ ಊರು ಗುಡ್ಡಗಳ ಮೇಲೆ ಬೆಳೆದದ್ದು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗಲಾಗಲಿ, ಕದ್ರಿಯ ಕಡೆಯಿಂದ ಬರುವಾಗಲಾಗಲಿ, ಒಂದಲ್ಲ ಒಂದು ಇಳುಕಲು ಎದುರಾಗಿಯೇ ಆಗುತ್ತದೆ. ಇದರ ಜೊತೆಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಇದೇ ರಸ್ತೆಗಳಲ್ಲಿ, ಇದೇ ಹವೆಯಲ್ಲಿ ನಾನು ಬಳಸಿ ನೋಡಿದ ಬ್ರೇಕುಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ತೂಗಿದ್ದೇನೆ.

ಇಳಿಜಾರು ಬ್ರೇಕಿನಿಂದ ಎಷ್ಟು ಕೆಲಸ ಕೇಳುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ, ಸವಾರನೂ ಸೇರಿ 80 ಕಿಲೋ ತೂಕದ ಸೈಕಲನ್ನು ನಿಲ್ಲಿಸಲು ಬ್ರೇಕ್ ಸುಮಾರು 1,900 ಜೂಲ್ ಶಕ್ತಿಯನ್ನು ಶಾಖವಾಗಿ ಪರಿವರ್ತಿಸಬೇಕಾಗುತ್ತದೆ. ಅದೇ ಸೈಕಲ್ 30 ಮೀಟರ್ ಎತ್ತರದಿಂದ ವೇಗ ಏರಿಸಿಕೊಳ್ಳದೆ ಕೆಳಗೆ ಬರಬೇಕಾದರೆ, ಗಾಳಿಯ ತಡೆಯನ್ನು ಬದಿಗಿಟ್ಟು ಹೇಳುವುದಾದರೆ, ಬ್ರೇಕ್ ಸುಮಾರು 23,500 ಜೂಲ್ ಅರಗಿಸಿಕೊಳ್ಳಬೇಕು. ಸವಾರನ ತೂಕ ಎಷ್ಟೇ ಇದ್ದರೂ ಈ ಎರಡರ ನಡುವಿನ ಅಂತರ ಹನ್ನೆರಡು ಪಟ್ಟಿಗೆ ಕಡಿಮೆಯಾಗುವುದಿಲ್ಲ. ಹೀಗಾಗಿ ಮೈದಾನದ ಊರಿನವರು ಮೆಚ್ಚಿದ ಬ್ರೇಕ್ ಗುಡ್ಡದ ಊರಿನಲ್ಲಿ ಸೋಲುವುದು ಅಚ್ಚರಿಯ ಸಂಗತಿಯಲ್ಲ.

ಮೊದಲಿಗೆ ರಾಡ್ ಬ್ರೇಕ್. ಹಳೆಯ ಕರಿ ಸೈಕಲ್ಲುಗಳಲ್ಲಿ ಹ್ಯಾಂಡಲಿನಿಂದ ಚಕ್ರದವರೆಗೆ ವಯರಿನ ಬದಲು ಕಬ್ಬಿಣದ ಸರಳುಗಳೇ ಹೋಗಿರುತ್ತವೆ. ಲಿವರ್ ಒತ್ತಿದಾಗ ಕುದುರೆಲಾಳದ ಆಕಾರದ ಚೌಕಟ್ಟೊಂದು ಮೇಲಕ್ಕೆ ಎಳೆಯಲ್ಪಟ್ಟು, ಅದರ ಎರಡು ರಬ್ಬರುಗಳು ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ ಹೋಗಿ ಒತ್ತುತ್ತವೆ. ತುಂಡಾಗಲು ವಯರಿಲ್ಲ, ವಯರಿನ ಹೊರಕೊಳವೆಯಾದ ಔಟರಿನೊಳಗೆ ತುಕ್ಕು ಸೇರುವ ಮಾತಿಲ್ಲ. ಕೀಲುಗಳಿಗೆ ಆಗೊಮ್ಮೆ ಈಗೊಮ್ಮೆ ಎಣ್ಣೆ ಬಿಟ್ಟುಕೊಂಡಿದ್ದರೆ ದಶಕಗಳ ಕಾಲ ಬಾಳುತ್ತದೆ, ಎಂಥ ಹಳ್ಳಿಯ ರಿಪೇರಿ ಅಂಗಡಿಯಲ್ಲಿಯೂ ಇದರ ರಬ್ಬರ್ ಸಿಗುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಕ್ಕಿ ಮೂಟೆ ಇವೆಲ್ಲವನ್ನೂ ಈ ಬ್ರೇಕನ್ನು ನಂಬಿಯೇ ನಮ್ಮ ಹಿರಿಯರು ಸಾಗಿಸಿದರು ಎಂಬ ಗೌರವ ನನಗಿದೆ. ಆದರೆ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ ನೆನೆದಾಗ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಮಳೆಯಲ್ಲಿ ಲಿವರನ್ನು ಎಷ್ಟು ಬಲವಾಗಿ ಒತ್ತಿದರೂ ಸೈಕಲ್ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇರುತ್ತದೆ. ಸಮತಟ್ಟಾದ, ಒಣ ಊರಿನಲ್ಲಿ ಇದನ್ನು ಈಗಲೂ ಸಂತೋಷದಿಂದ ಬಳಸಬಹುದು. ಕರಾವಳಿಯ ಮಳೆಗಾಲಕ್ಕೆ ಇದನ್ನು ನಾನು ಯಾರಿಗೂ ಸೂಚಿಸಲಾರೆ.

ಕ್ಯಾಲಿಪರ್ ಬ್ರೇಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ನಡುವೆ ಒಂದೇ ಬೋಲ್ಟಿನಲ್ಲಿ ನಿಂತು, ರಿಮ್ಮನ್ನು ಎರಡೂ ಪಕ್ಕದಿಂದ ಇಕ್ಕಳದಂತೆ ಹಿಡಿಯುವ ಈ ಬ್ರೇಕ್ ಎರಡು ಬಗೆಯಲ್ಲಿ ಬರುತ್ತದೆ. ರೇಸಿಂಗ್ ಸೈಕಲ್ಲುಗಳಲ್ಲಿರುವ, ಎರಡು ಕೀಲುಗಳ, ಗಿಡ್ಡ ತೋಳಿನ ಅಲ್ಯೂಮಿನಿಯಂ ಕ್ಯಾಲಿಪರ್ ಬಹಳ ಒಳ್ಳೆಯದು, ಆದರೆ ಅದು ಸಪೂರ ಟೈರಿಗಷ್ಟೇ ಹೊಂದುತ್ತದೆ. ಅಗ್ಗದ ಸೈಕಲ್ಲುಗಳಲ್ಲಿರುವ, ತಗಡಿನಂತಹ ಉಕ್ಕಿನ ಉದ್ದ ತೋಳುಗಳದ್ದು ಬೇರೆಯೇ ಜಾತಿ. ಒತ್ತಿದ ಬಲದಲ್ಲಿ ಒಂದು ಪಾಲು ತೋಳುಗಳು ಬಾಗುವುದಕ್ಕೇ ಖರ್ಚಾಗುತ್ತದೆ, ಒಂದು ಪಕ್ಕದ ರಬ್ಬರ್ ಸದಾ ರಿಮ್ಮಿಗೆ ತಾಗಿಕೊಂಡೇ ಇರುತ್ತದೆ. ಅಂಥ ಸೈಕಲ್ ಮನೆಯಲ್ಲಿದ್ದರೆ ಬ್ರೇಕನ್ನು ಬದಲಾಯಿಸುವುದಕ್ಕಿಂತ ಮೊದಲು ಉಕ್ಕಿನ ರಿಮ್ ತೆಗೆದು ಅಲ್ಯೂಮಿನಿಯಂ ರಿಮ್ ಹಾಕಿಸುವುದು ಲಾಭದಾಯಕ. ಮಳೆಯಲ್ಲಿ ಅದೊಂದರಿಂದಲೇ ಹಿಡಿತದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ.

ನಾನು ಅತಿ ಹೆಚ್ಚು ಕಾಲ ಬಳಸಿರುವುದು ವಿ-ಬ್ರೇಕ್. ಜಪಾನಿನ ಶಿಮಾನೊ ಕಂಪನಿ 1996ರ ಸುಮಾರಿಗೆ ಗುಡ್ಡಗಾಡು ಸೈಕಲ್ಲುಗಳಿಗಾಗಿ ಇದನ್ನು ಬಳಕೆಗೆ ತಂದಿತು. ಇಂದು ಮಧ್ಯಮ ಬೆಲೆಯ ಬಹಳಷ್ಟು ಸೈಕಲ್ಲುಗಳಲ್ಲಿ ಇದೇ ಇದೆ. ಫೋರ್ಕಿನ ಎರಡೂ ಕಾಲುಗಳಲ್ಲಿ ಬೇರೆ ಬೇರೆಯಾಗಿ ನೆಲೆನಿಂತ ಎರಡು ಉದ್ದ ತೋಳುಗಳನ್ನು ವಯರ್ ಅಡ್ಡಲಾಗಿ ಎಳೆದು ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ತೋಳು ಉದ್ದವಾದುದರಿಂದ ಬೆರಳಿನ ಸಣ್ಣ ಬಲವೂ ಹಿಗ್ಗಿ ರಿಮ್ಮಿಗೆ ತಲುಪುತ್ತದೆ. ಒಣ ರಸ್ತೆಯಲ್ಲಿ ಸರಿಯಾಗಿ ಹೊಂದಿಸಿದ ವಿ-ಬ್ರೇಕಿಗೂ ಡಿಸ್ಕ್ ಬ್ರೇಕಿಗೂ ನಿಲ್ಲುವ ದೂರದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ, ಏಕೆಂದರೆ ಅಲ್ಲಿ ಮಿತಿ ಹೇರುವುದು ಟೈರಿನ ಹಿಡಿತ ಮತ್ತು ಮುಂದಕ್ಕೆ ವಾಲುವ ಸವಾರನ ಭಾರವೇ ಹೊರತು ಬ್ರೇಕಿನ ಶಕ್ತಿಯಲ್ಲ.

ಆದರೆ ಈ ಬ್ರೇಕಿನ ಗುಣವೆಲ್ಲ ಹೊಂದಾಣಿಕೆಯಲ್ಲಿದೆ. ರಬ್ಬರಿನ ಇಡೀ ಮೈ ರಿಮ್ಮಿನ ಮೇಲೆ ಕೂರಬೇಕು. ಮೇಲಕ್ಕೆ ಸರಿದರೆ ಟೈರನ್ನು ಕೊರೆಯುತ್ತದೆ, ಕೆಳಕ್ಕೆ ಜಾರಿದರೆ ರಿಮ್ಮಿನ ಅಂಚಿನಿಂದ ಕೆಳಗಿಳಿದು ಕಡ್ಡಿಗಳಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ರಬ್ಬರಿನ ಮುಂತುದಿ ಹಿಂತುದಿಗಿಂತ ಸುಮಾರು ಒಂದು ಮಿಲಿಮೀಟರ್ ಮೊದಲು ರಿಮ್ಮನ್ನು ಮುಟ್ಟುವಂತೆ ಓರೆಯಾಗಿಟ್ಟರೆ ಕಿರಿಚುವ ಸದ್ದು ನಿಲ್ಲುತ್ತದೆ. ಲಿವರ್ ಕೂಡ ವಿ-ಬ್ರೇಕಿನದೇ ಆಗಿರಬೇಕು. ಇದು ಎಳೆಯುವ ವಯರಿನ ಉದ್ದ ಹಳೆಯ ಕ್ಯಾಲಿಪರ್ ಲಿವರಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಹಳೆಯ ಲಿವರನ್ನೇ ಉಳಿಸಿಕೊಂಡರೆ ರಬ್ಬರ್ ಸ್ವಲ್ಪ ಸವೆದ ಕೂಡಲೇ ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ಈ ಕೆಲಸಗಳಿಗೆಲ್ಲ 5 ಮಿಲಿಮೀಟರಿನ ಒಂದು ಅಲೆನ್ ಕೀ ಮತ್ತು ಒಂದು ಸ್ಕ್ರೂಡ್ರೈವರ್ ಸಾಕಾಗುತ್ತದೆ. ಮನೆಯ ಅಂಗಳದಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಈ ಸರಳತೆಯನ್ನು ನಾನು ಬಹಳ ದೊಡ್ಡ ಗುಣವೆಂದು ಎಣಿಸುತ್ತೇನೆ.

ಮಳೆಗಾಲದಲ್ಲಿ ವಿ-ಬ್ರೇಕಿಗೆ ಎರಡು ತೊಂದರೆಗಳಿವೆ. ಮೊದಲನೆಯದು ತಡ. ನೆನೆದ ರಿಮ್ಮಿನ ಮೇಲಿನ ನೀರನ್ನು ರಬ್ಬರ್ ಒರೆಸಿ ತೆಗೆದ ಮೇಲಷ್ಟೇ ಹಿಡಿತ ಆರಂಭವಾಗುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಮುಂದೆ ಹೋಗುವುದರಿಂದ, ಒರೆಸಲು ಎರಡು ಸುತ್ತು ಬೇಕಾದರೂ ನಾಲ್ಕು ಮೀಟರ್ ರಸ್ತೆ ಹಾಗೆಯೇ ಕಳೆದುಹೋಗುತ್ತದೆ. ಅಡ್ಡರಸ್ತೆಯಿಂದ ರಿಕ್ಷಾ ನುಗ್ಗಿದಾಗ ನಾಲ್ಕು ಮೀಟರ್ ಸಣ್ಣ ದೂರವಲ್ಲ. ಇಳಿಜಾರು ಶುರುವಾಗುವ ಮೊದಲೇ ಲಿವರನ್ನು ಹಗುರವಾಗಿ ಒತ್ತಿ ರಿಮ್ ಒರೆಸಿಕೊಳ್ಳುವ ಅಭ್ಯಾಸ ಇಟ್ಟುಕೊಂಡರೆ ಇದನ್ನು ಬಹುಮಟ್ಟಿಗೆ ನಿಭಾಯಿಸಬಹುದು. ಎರಡನೆಯ ತೊಂದರೆ ಸವೆತ, ಮತ್ತು ಈ ಊರಿನಲ್ಲಿ ಅದು ಇನ್ನೂ ಗಂಭೀರ. ಮುರಕಲ್ಲಿನ ಕೆಂಪು ಮಣ್ಣು ಮಳೆನೀರಿನೊಂದಿಗೆ ರಿಮ್ಮಿಗೆ ಎರಚಿ, ರಬ್ಬರಿನಲ್ಲಿ ಸಿಕ್ಕಿಕೊಂಡು, ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಉಪ್ಪುಕಾಗದದಂತೆ ಅಲ್ಯೂಮಿನಿಯಮ್ಮನ್ನು ತೀಡುತ್ತದೆ. ಸೈಕಲ್ ಒರಗಿಸಿದ ಗೋಡೆಯ ಬುಡದಲ್ಲಿ ಇಳಿದಿರುವ ಕರಿಯ ನೀರು ಆ ರಿಮ್ಮಿನದೇ ಪುಡಿ. ರಿಮ್ಮಿನ ಪಕ್ಕದಲ್ಲಿ ಸುತ್ತಲೂ ಕೊರೆದಿರುವ ಸಣ್ಣ ಗೀರು ಅಳಿಸಿಹೋಗಿದ್ದರೆ, ಅಥವಾ ಬೆರಳಾಡಿಸಿದಾಗ ಪಕ್ಕ ಒಳಕ್ಕೆ ತಗ್ಗಿದಂತೆ ತಿಳಿದರೆ, ಆ ರಿಮ್ಮಿನ ಆಯಸ್ಸು ಮುಗಿದಿದೆ ಎಂದೇ ಅರ್ಥ. ತೆಳುವಾದ ಗೋಡೆ ಟೈರಿನೊಳಗಿನ ಗಾಳಿಯ ಒತ್ತಡಕ್ಕೇ ಸೀಳಿಹೋಗಬಹುದು. ಮಳೆಗಾಲದಲ್ಲಿ ಆಗಾಗ ರಬ್ಬರ್ ಬಿಚ್ಚಿ, ಅದರಲ್ಲಿ ನಾಟಿರುವ ಲೋಹದ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆದರೆ ರಿಮ್ ಗಮನಾರ್ಹವಾಗಿ ಹೆಚ್ಚು ಕಾಲ ಬರುತ್ತದೆ.

ಡಿಸ್ಕ್ ಬ್ರೇಕ್ ಗೆಲ್ಲುವುದು ಈ ಎರಡೂ ಕಡೆಗಳಲ್ಲಿ. ಚಕ್ರದ ನಡುವೆ, ನೆಲದ ಕೆಸರಿನಿಂದ ದೂರದಲ್ಲಿ ತಿರುಗುವ ರೋಟರ್ ಎಂಬ ಲೋಹದ ತಟ್ಟೆಯ ಮೇಲೆ ನೀರು ನಿಲ್ಲುವುದು ಕಡಿಮೆ; ಸಣ್ಣ, ಗಟ್ಟಿಯಾದ ಪ್ಯಾಡ್ ಬಲವಾಗಿ ಒತ್ತುವುದರಿಂದ ಇದ್ದ ನೀರೂ ಕ್ಷಣದಲ್ಲಿ ಹೋಗುತ್ತದೆ. ಸವೆಯುವುದು ಚಕ್ರವಲ್ಲ, ಬದಲಾಯಿಸಬಹುದಾದ ಪ್ಯಾಡ್ ಮತ್ತು ರೋಟರ್. ಚಕ್ರ ಸ್ವಲ್ಪ ಬೆಂಡಾಗಿದ್ದರೂ ಬ್ರೇಕಿಗೆ ಅದರ ಗೊಡವೆಯಿಲ್ಲ. ಇಷ್ಟು ಹೇಳಿದ ಮೇಲೆ, ವಯರಿನ ಡಿಸ್ಕಿಗೂ ಎಣ್ಣೆಯ ಡಿಸ್ಕಿಗೂ ಇರುವ ಅಂತರ ವಿ-ಬ್ರೇಕಿಗೂ ಡಿಸ್ಕಿಗೂ ಇರುವ ಅಂತರಕ್ಕಿಂತ ದೊಡ್ಡದು ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ವಯರಿನಿಂದ ನಡೆಯುವ ಅಗ್ಗದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ರೋಟರನ್ನು ಬಾಗಿಸಿ, ಅಲುಗದೆ ನಿಂತಿರುವ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಂತೆಲ್ಲ ಒಂದು ಕಡೆ ವಯರ್ ಬಿಗಿಮಾಡಬೇಕು, ಇನ್ನೊಂದು ಕಡೆ ಒಳಗಿನ ಪ್ಯಾಡನ್ನು ತಿರುಪಿ ಹತ್ತಿರ ತರಬೇಕು. ಎರಡನೆಯದನ್ನು ಬಹಳ ಮಂದಿ ಮಾಡುವುದೇ ಇಲ್ಲ, ಹೀಗಾಗಿ ಕೆಲವೇ ತಿಂಗಳಲ್ಲಿ ಬ್ರೇಕ್ ಸತ್ತಂತಾಗುತ್ತದೆ. ಉಪ್ಪುಗಾಳಿಗೆ ವಯರ್ ಔಟರಿನೊಳಗೇ ತುಕ್ಕು ಹಿಡಿದು ಬಿಗಿಯಾಗುವ ಕಾಟವೂ ತಪ್ಪುವುದಿಲ್ಲ. ಔಟರ್ ಬದಲಾಯಿಸುವಾಗ ಗೇರಿನ ಔಟರನ್ನು ಬ್ರೇಕಿಗೆ ಹಾಕಲು ಯಾವ ಕಾರಣಕ್ಕೂ ಬಿಡಬಾರದು. ಉದ್ದುದ್ದ ಎಳೆಗಳಿಂದ ಮಾಡಿದ ಗೇರ್ ಔಟರ್ ಬ್ರೇಕಿನ ಬಲಕ್ಕೆ ಬಿರಿದುಕೊಳ್ಳಬಹುದು. ಎರಡೂ ಪ್ಯಾಡ್ ಚಲಿಸುವ ಒಳ್ಳೆಯ ವಯರ್ ಡಿಸ್ಕುಗಳೂ ಇವೆ, ಅವು ದೂರ ಪ್ರಯಾಣಕ್ಕೆ ನಿಜಕ್ಕೂ ನಂಬಿಗಸ್ತವಾದವು. ಆದರೆ ಅಂಗಡಿಗಳಲ್ಲಿ ಕಡಿಮೆ ಬೆಲೆಯ ಸೈಕಲ್ಲಿಗೆ ಆಕರ್ಷಣೆಯಾಗಿ ಜೋಡಿಸಿ ಕೊಡುವುದು ಅವುಗಳನ್ನಲ್ಲ. ಅದೇ ಬೆಲೆಗೆ ಉತ್ತಮ ವಿ-ಬ್ರೇಕ್ ಇರುವ ಸೈಕಲ್ ಸಿಕ್ಕಿದರೆ ಅದನ್ನೇ ಕೊಳ್ಳಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಮಾತ್ರ ಮಂಗಳೂರಿನ ಜುಲೈ ತಿಂಗಳಿಗಾಗಿಯೇ ಮಾಡಿದಂತಿದೆ. ತುಕ್ಕು ಹಿಡಿಯಲು ವಯರೇ ಇಲ್ಲ. ಎರಡೂ ಪ್ಯಾಡುಗಳು ಸಮನಾಗಿ ಚಲಿಸುತ್ತವೆ ಮತ್ತು ಸವೆದಷ್ಟು ತಾವಾಗಿಯೇ ಮುಂದೆ ಬರುತ್ತವೆ. ಒಂದೇ ಬೆರಳಿನಿಂದ, ಬೇಕಾದಷ್ಟನ್ನು ಬೇಕಾದಂತೆ ಹಿಡಿಯಬಹುದು. ನೆನೆದ ಕಾಂಕ್ರೀಟ್ ರಸ್ತೆಯ ಬಿಳಿ ಪಟ್ಟಿಯ ಮೇಲೆ, ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಟೈರ್ ಜಾರುವುದನ್ನು ಯಾವ ಬ್ರೇಕೂ ತಪ್ಪಿಸಲಾರದು. ಅಲ್ಲಿ ನಮ್ಮನ್ನು ಉಳಿಸುವುದು ಬಲವಲ್ಲ, ಬಲವನ್ನು ನವಿರಾಗಿ ಏರಿಸಿ ಇಳಿಸುವ ಹದ. ಆ ಹದ ಬೇರೆ ಯಾವ ಬ್ರೇಕಿನಲ್ಲಿಯೂ ನನಗೆ ಇಷ್ಟು ಚೆನ್ನಾಗಿ ಸಿಕ್ಕಿಲ್ಲ. ಚಾರ್ಮಾಡಿಯಂತಹ ಘಾಟಿ ಇಳಿಯುವಾಗಲೂ ಕೈ ಸೋಲುವುದಿಲ್ಲ, ಆದರೆ ಅಲ್ಲಿ ಲಿವರನ್ನು ಸತತವಾಗಿ ಹಿಡಿದೇ ಇರುವ ಬದಲು ಬಿಟ್ಟುಬಿಟ್ಟು ಹಿಡಿದು ರೋಟರ್ ತಣಿಯಲು ಬಿಡಬೇಕು.

ಇದರ ಬೇಡಿಕೆಗಳು ಬೇರೆ ಬಗೆಯವು. ಪ್ಯಾಡಿಗೆ ಎಣ್ಣೆಯ ಒಂದು ಹನಿ ತಾಗಿದರೂ ಹಿಡಿತ ಹೋಗಿ ಊರಿಗೆಲ್ಲ ಕೇಳುವಂತೆ ಕಿರಿಚುತ್ತದೆ. ಆದ್ದರಿಂದ ಚೈನಿಗೆ ಸ್ಪ್ರೇ ಹೊಡೆಯುವಾಗ ರೋಟರನ್ನು ಬಟ್ಟೆಯಿಂದ ಮುಚ್ಚುವುದು ಅತ್ಯಗತ್ಯ. ಚಕ್ರ ಬಿಚ್ಚಿದಾಗ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ರೋಟರಿಗೆ ಜಾಗವೇ ಉಳಿಯುವುದಿಲ್ಲ. ನಡುವೆ ದಪ್ಪ ರಟ್ಟಿನ ತುಂಡು ಇಡಬೇಕು. ಶಿಮಾನೊ ಮತ್ತು ಟೆಕ್ಟ್ರೋ ಬ್ರೇಕುಗಳಿಗೆ ಮಿನರಲ್ ಆಯಿಲ್ ಬೇಕು. ಕೆಲವು ಬೇರೆ ಬ್ರೇಕುಗಳಿಗೆ ಕಾರು-ಬೈಕುಗಳ ಡಾಟ್ (DOT) ಎಂಬ ಬ್ರೇಕ್ ದ್ರವ ಬೇಕು. ಒಂದರಲ್ಲಿ ಇನ್ನೊಂದನ್ನು ತುಂಬಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಶಿಮಾನೊ ಪ್ಯಾಡು 0.5 ಮಿಲಿಮೀಟರಿಗೆ ಸವೆದಾಗ, 1.8 ಮಿಲಿಮೀಟರಿನ ರೋಟರು 1.5ಕ್ಕೆ ಇಳಿದಾಗ ಬದಲಾಯಿಸಬೇಕು. ಲಿವರ್ ಮೆತ್ತಗಾದರೆ ಒಳಗಿನ ಗಾಳಿ ತೆಗೆಸಬೇಕಾಗುತ್ತದೆ, ಮತ್ತು ಆ ಕೆಲಸ ಬಲ್ಲವರು ನಗರದ ಕೆಲವೇ ಅಂಗಡಿಗಳಲ್ಲಿದ್ದಾರೆ. ಬೆಳ್ತಂಗಡಿ, ಸುಳ್ಯದ ಒಳಭಾಗದಲ್ಲಿರುವವರು ಕೊಳ್ಳುವ ಮುಂಚೆ ಇದನ್ನು ಯೋಚಿಸಲೇಬೇಕು.

ಆದ್ದರಿಂದ ನನ್ನ ಆಯ್ಕೆ ಹೀಗಿದೆ. ಮಳೆಯಲ್ಲಿಯೂ ತಪ್ಪದೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರು, ಹತ್ತಿರದಲ್ಲಿ ಬಲ್ಲ ಅಂಗಡಿ ಇದ್ದರೆ, ಹಣ ಕೂಡಿಸಿಯಾದರೂ ಹೈಡ್ರಾಲಿಕ್ ಡಿಸ್ಕನ್ನೇ ಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಸೈಕಲ್ ಒಳಗಿಡುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ರಿಪೇರಿ ತಾವೇ ಮಾಡಿಕೊಳ್ಳುವವರಿಗೆ ಅಲ್ಯೂಮಿನಿಯಂ ರಿಮ್ಮಿನ ಮೇಲಿನ ವಿ-ಬ್ರೇಕಿಗಿಂತ ಉತ್ತಮವಾದದ್ದಿಲ್ಲ. ಈ ತೀರ್ಮಾನವನ್ನು ಕೊಳ್ಳುವಾಗಲೇ ಮಾಡಬೇಕು, ಏಕೆಂದರೆ ಡಿಸ್ಕಿನ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಕೂರಿಸಲು ಫ್ರೇಮಿನಲ್ಲೂ ಫೋರ್ಕಿನಲ್ಲೂ ಅದಕ್ಕೆಂದೇ ಮಾಡಿದ ಬೋಲ್ಟಿನ ತೂತುಗಳಿರಬೇಕು, ರೋಟರ್ ಕೂರುವ ಹಬ್ (ಚಕ್ರದ ನಡುಭಾಗ) ಬೇಕು. ವಿ-ಬ್ರೇಕಿಗೆ ಅದರದೇ ಗೂಟಗಳು ಬೇಕು. ಎರಡಕ್ಕೂ ಜಾಗವಿರುವ ಫ್ರೇಮುಗಳು ಕೆಲವಿವೆ. ಈಗ ಹಣ ಸಾಲದೆ ವಿ-ಬ್ರೇಕಿನಿಂದ ಆರಂಭಿಸಿ ಮುಂದೆ ಡಿಸ್ಕಿಗೆ ಹೋಗಬೇಕೆಂದಿರುವವರು ಅಂಗಡಿಯಲ್ಲಿ ಅಂಥದ್ದನ್ನೇ ಕೇಳಿ, ಹಿಂಚಕ್ರದ ಎಡಬದಿಯ ಫ್ರೇಮಿನಲ್ಲಿ ಆ ಎರಡು ತೂತುಗಳಿವೆಯೇ ಎಂದು ಸ್ವತಃ ಬಗ್ಗಿ ನೋಡಿಕೊಳ್ಳಬೇಕು.