ಹಿತ್ತಲಿನ ಪೊದೆ ಬಿಡಿಸಲು ಮಚ್ಚೋ, ಪಿಕಾಸಿಯೋ, ಪ್ಲಾಸ್ಟಿಕ್ ಹಾಳೆಯೋ?

ಹಿತ್ತಲಲ್ಲಿ ಆಳೆತ್ತರ ಪೊದೆ ಬೆಳೆದಿದೆ, ಕೈಯಲ್ಲೇ ಬಿಡಿಸಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಒಂದು ಒಳ್ಳೆಯ ಪಿಕಾಸಿ ತನ್ನಿ. ಮಚ್ಚು, ಗುದ್ದಲಿ, ಬಾಡಿಗೆಯ ಬ್ರಷ್ ಕಟ್ಟರ್, ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ಒಂದೇ ಹಿತ್ತಲಲ್ಲಿ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಪಿಕಾಸಿ ಎಲ್ಲ ಗಿಡಕ್ಕೂ ಆಗುವುದಿಲ್ಲ. ಆದರೆ ಜಾಸ್ತಿ ಕಾಡುವ ಗಿಡಕ್ಕೆ ಅದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ನಮ್ಮ ಮನೆ ಹಾಸನದ ಕಡೆ. ಹಿಂದಿನ ಜಾಗ ಬಹಳ ವರ್ಷ ಪಾಳು ಬಿದ್ದಿತ್ತು. ಬೇಲಿ ಉದ್ದಕ್ಕೂ ಲಂಟಾನ, ನಡುವೆ ಪಾರ್ಥೇನಿಯಂ, ಬಾವಿ ಹತ್ತಿರದ ತೇವದಲ್ಲಿ ಗರಿಕೆ ಮತ್ತು ಜೇಕು. ಒಂದೊಂದರ ಬೇರೂ ಒಂದೊಂದು ಥರ. ಬೇರು ನೋಡಿಯೇ ಸಲಕರಣೆ ಆರಿಸಬೇಕು. ಮೇಲೆ ಕಾಣುವ ಹಸಿರನ್ನು ನೋಡಿ ಆರಿಸಿದರೆ ಅದೇ ಕೆಲಸ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಮಚ್ಚಿನಿಂದ ಶುರು ಮಾಡೋಣ, ಎಲ್ಲರ ಮನೆಯಲ್ಲೂ ಇರುವುದು ಅದೇ ಅಲ್ವಾ? ಅರ್ಧ ದಿನ ಬೀಸಿದರೆ ಜಾಗ ಬಯಲಾಗಿ ಕಾಣುತ್ತದೆ. ನೋಡಲು ತುಂಬಾ ಖುಷಿ. ಆದರೆ ಲಂಟಾನ ಬುಡದಿಂದ ಚಿಗುರುವ ಗಿಡ. ಮಳೆ ಬಿದ್ದರೆ ಕಡಿದ ಒಂದು ಕಾಂಡದ ಜಾಗದಲ್ಲಿ ನಾಲ್ಕಾರು ಕಾಂಡ ಏಳುತ್ತವೆ, ಪೊದೆ ಮೊದಲಿಗಿಂತ ದಟ್ಟವಾಗುತ್ತದೆ. ಪಕ್ಕದ ಮನೆಯ ಅಜ್ಜ ಬೇಲಿ ಮೇಲಿಂದ ನೋಡಿ, "ಮೇಲೆ ಸವರಿದ್ರೆ ಅದಕ್ಕೆ ಇನ್ನೂ ಹುರುಪು ಬರುತ್ತೆ ಕಣಪ್ಪ, ಬುಡ ಕೀಳು" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಹಾಗಂತ ಮಚ್ಚು ಬೇಡವೇ ಬೇಡ ಅಂತಲ್ಲ. ಮುಳ್ಳು ಕೊಂಬೆಗಳನ್ನು ಸವರಿ ಬುಡದವರೆಗೆ ದಾರಿ ಮಾಡಿಕೊಳ್ಳಲು ಅದು ಬೇಕೇ ಬೇಕು. ಕಡಿಯುವಾಗ ನೆಲಮಟ್ಟಕ್ಕೆ ಕಡಿಯಬೇಡಿ. ಮೊಳದುದ್ದ ಮೋಟು ಬಿಡಿ. ಆಮೇಲೆ ಬೇರು ಅಲುಗಾಡಿಸಲು ಅದೇ ಹಿಡಿ.

ಈಗ ಪಿಕಾಸಿ. ಒಂದು ತುದಿ ಚೂಪು, ಇನ್ನೊಂದು ಚಪ್ಪಟೆ. ಚೂಪು ತುದಿಯಿಂದ ಬುಡದ ಸುತ್ತ ಮಣ್ಣು ಸಡಿಲಿಸಿ, ಚಪ್ಪಟೆ ತುದಿಯಿಂದ ತಾಯಿಬೇರಿಗೆ ಏಟು ಹಾಕಬೇಕು. ಇಡೀ ಬೇರನ್ನು ಅಗೆದು ತೆಗೆಯುವ ಅಗತ್ಯವಿಲ್ಲ, ಇದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಲಂಟಾನ ಚಿಗುರುವುದು ಕಾಂಡವೂ ಬೇರೂ ಕೂಡುವ ಗಂಟಿನಿಂದ. ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿದರೆ ಆ ಗಂಟೂ ಜೊತೆಗೆ ಬಂದುಬಿಡುತ್ತದೆ. ಕಾಡುಗಳಲ್ಲಿ ಲಂಟಾನ ತೆಗೆಯಲು ಬಳಸುವ ವಿಧಾನವೂ ಇದೇ. ಕಿತ್ತ ಪೊದೆಯನ್ನು ತಲೆಕೆಳಗು ಮಾಡಿ, ಬೇರು ಆಕಾಶಕ್ಕೆ ಕಾಣುವಂತೆ ಇಡಬೇಕು. ಸುಮ್ನೆ ಒದ್ದೆ ಮಣ್ಣಿನ ಮೇಲೆ ಎಸೆದರೆ ಮತ್ತೆ ಬೇರು ಬಿಟ್ಟೀತು.

ಇದು ನಿಧಾನದ ಕೆಲಸ. ಮಚ್ಚಿನಲ್ಲಿ ಅರ್ಧ ದಿನಕ್ಕೆ ಆಗುವ ಜಾಗಕ್ಕೆ ಪಿಕಾಸಿಯಲ್ಲಿ ವಾರವೇ ಹಿಡಿಯುತ್ತದೆ. ಸೊಂಟ ಹಿಡಿಯುತ್ತದೆ, ಅಂಗೈ ಬೊಬ್ಬೆ ಬರುತ್ತದೆ. ಆದರೆ ಮುಂದಿನ ಮಳೆಗಾಲದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತಿತ್ತು: ಮಚ್ಚು ಮಾತ್ರ ಆಡಿದ ಕಡೆ ಮಂಡಿಯೆತ್ತರ ಚಿಗುರು, ಪಿಕಾಸಿ ಆಡಿದ ಕಡೆ ಸಣ್ಣ ಸಣ್ಣ ಸಸಿಗಳು ಅಷ್ಟೇ. ಆ ಸಸಿಗಳು ಬೀಜದಿಂದ ಬಂದವು. ಲಂಟಾನದ ಹಣ್ಣನ್ನು ಪಿಕಳಾರಗಳು ತಿಂದು ಬೀಜ ಉದುರಿಸುತ್ತಲೇ ಇರುತ್ತವೆ, ಅದನ್ನು ತಪ್ಪಿಸಲು ಆಗದು. ಗೇಣುದ್ದ ಇರುವಾಗಲೇ ಎರಡು ಬೆರಳಲ್ಲಿ ಕಿತ್ತರೆ ಮುಗಿಯಿತು. ಇನ್ನೊಂದು ಮಾತು, ಲಂಟಾನದ ಎಲೆ ದನಗಳಿಗೆ ವಿಷ. ಕೊಯ್ದ ಸೊಪ್ಪನ್ನು ಕೊಟ್ಟಿಗೆ ಹತ್ತಿರ ಹಾಕಲೇಬೇಡಿ.

ಬ್ರಷ್ ಕಟ್ಟರ್ ವಿಷಯ ಬೇಗ ಮುಗಿಸುತ್ತೇನೆ. ದೊಡ್ಡ ತೋಟಕ್ಕೆ, ಮರಗಳ ನಡುವಿನ ಹುಲ್ಲಿಗೆ ಅದು ಒಳ್ಳೆಯದು. ಮನೆ ಹಿಂದಿನ ಪಾಳು ಜಾಗದಲ್ಲಿ ಹುಲ್ಲಿನೊಳಗೆ ಇಟ್ಟಿಗೆ ಚೂರು, ತಂತಿ, ಬಾಟಲಿ ಅಡಗಿರುತ್ತವೆ. ಬ್ಲೇಡು ತಾಗಿದರೆ ಗುಂಡಿನ ಹಾಗೆ ಹಾರುತ್ತವೆ. ಅದೂ ಮೇಲೆ ಮಾತ್ರ ಕತ್ತರಿಸುತ್ತದೆ, ಬೇರು ಹಾಗೇ ಉಳಿಯುತ್ತದೆ. ಪಾರ್ಥೇನಿಯಂ ಮೇಲೆ ಆಡಿಸಿದರೆ ಇನ್ನೂ ಕಷ್ಟ. ಹೂವಿನ ಪುಡಿ ಮುಖಕ್ಕೆಲ್ಲ ಎರಚುತ್ತದೆ, ಗಿಡ ಮತ್ತೆ ಚಿಗುರಿ ಗಿಡ್ಡವಾಗಿರುವಾಗಲೇ ಹೂ ಬಿಡುತ್ತದೆ.

ಪಾರ್ಥೇನಿಯಂಗೆ ಯಾವ ಸಲಕರಣೆಯೂ ಬೇಡ, ಕೈಯೇ ಸಾಕು. ಮಳೆ ಬಂದ ಮರುದಿನ ಮಣ್ಣು ಮೆತ್ತಗಿರುವಾಗ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹೂ ಬಿಡುವ ಮೊದಲೇ ಕೀಳಬೇಕು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೂ ಹಾಕಬಹುದು. ಆದರೆ ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇಲ್ಲದೆ ಮುಟ್ಟಬೇಡಿ. ಚರ್ಮದ ತುರಿಕೆ, ಉಬ್ಬಸ ಎರಡಕ್ಕೂ ಇದು ಕಾರಣವಾಗುತ್ತದೆ. ಮಳೆಗಾಲದಲ್ಲಿ ಇದರ ಎಲೆ ಮೇಯುವ, ಬಿಳಿಚು ಬೆನ್ನಿನ ಮೇಲೆ ಕಂದು ಗೆರೆಯ ಪುಟ್ಟ ದುಂಬಿ ಕಂಡರೆ ಕೊಲ್ಲದೆ ಬಿಡಿ. ಅದು ಮೆಕ್ಸಿಕೋ ಮೂಲದ್ದು. ಪಾರ್ಥೇನಿಯಂ ತಡೆಯಲೆಂದೇ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟದ್ದು.

ಕೊನೆಗೆ ಗರಿಕೆ ಮತ್ತು ಜೇಕು. ಇಲ್ಲಿ ಪಿಕಾಸಿ ಸೋಲುತ್ತದೆ. ಗರಿಕೆಯ ಒಂದೊಂದು ಗೆಣ್ಣೂ ಹೊಸ ಗಿಡ, ಅಗೆದಷ್ಟೂ ತುಂಡಾಗಿ ಹರಡುತ್ತದೆ. ಇದಕ್ಕೆ ಗೆದ್ದದ್ದು ಪ್ಲಾಸ್ಟಿಕ್ ಹಾಳೆ. ಬೇಸಿಗೆಯಲ್ಲಿ, ಮಾರ್ಚ್‌ನಿಂದ ಮೇ ಒಳಗೆ, ಹುಲ್ಲನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು, ನೆಲಕ್ಕೆ ಚೆನ್ನಾಗಿ ನೀರುಣಿಸಿ, ಮೇಲೆ ಪಾರದರ್ಶಕ ಹಾಳೆ ಹಾಸಿ ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. 4ರಿಂದ 6 ವಾರ ಹಾಗೇ ಬಿಡಿ. ಬಿಸಿಲಿನ ಶಾಖ ಒಳಗೇ ಉಳಿದು ಬೇರು ಬೆಂದುಹೋಗುತ್ತದೆ. ಕಪ್ಪು ಹಾಳೆಯನ್ನೂ ಪಕ್ಕದಲ್ಲೇ ಹಾಸಿದ್ದೆ. ಅದು ಬೆಳಕು ತಡೆದು ಕೊಲ್ಲುತ್ತದೆ, ತಿಂಗಳುಗಟ್ಟಲೆ ಬೇಕು. ಆದರೆ ಮೋಡ ಇದ್ದರೂ ಕೆಲಸ ಮಾಡುತ್ತದೆ. ಎರಡರಲ್ಲೂ ಅಂಚಿನ ಹುಲ್ಲು ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಹಾಳೆಯನ್ನು ಬೇಕಾದ ಜಾಗಕ್ಕಿಂತ ಎರಡಡಿ ಆಚೆಗೂ ಹಾಸಿದರೆ ಒಳ್ಳೆಯದು.

ಜೇಕಿಗೆ ಹಾಳೆಯೂ ಪೂರ್ತಿ ಸಾಲದು. ಅದರ ಸೂಜಿಯಂಥ ಮೊಳಕೆ ತೆಳು ಪ್ಲಾಸ್ಟಿಕ್ಕನ್ನು ತೂತು ಮಾಡಿ ಹೊರಗೆ ಬರುತ್ತದೆ. ಎಳೆದರೆ ಹುಲ್ಲು ಕೈಗೆ, ಗಡ್ಡೆ ಮಣ್ಣಿಗೆ. ನನಗೆ ಫಲ ಕೊಟ್ಟದ್ದು ಹಿರಿಯರ ಮಾಗಿ ಉಳುಮೆಯ ದಾರಿ: ಏಪ್ರಿಲ್‌ನ ಉರಿಬಿಸಿಲಲ್ಲಿ ಗುದ್ದಲಿಯಿಂದ ಆಳಕ್ಕೆ ಅಗೆದು, ಹೆಂಟೆಗಳನ್ನು ಒಡೆಯದೆ ಮಗುಚಿ ಬಿಡುವುದು. ಬಿಸಿಲಿಗೆ ಒಣಗಿದ ಗಡ್ಡೆ ಮೊಳೆಯುವುದಿಲ್ಲ. ಒಂದೇ ಬೇಸಿಗೆಯಲ್ಲಿ ಮುಗಿಯುವ ಕೆಲಸ ಅಲ್ಲ ಇದು.

ಕಳೆನಾಶಕ ಸಿಂಪಡಿಸಬಾರದಿತ್ತೇ ಅಂತ ಕೇಳುವವರಿದ್ದಾರೆ. ಗ್ಲೈಫೋಸೇಟ್ ಅನ್ನುವ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಕೀಟ ನಿಯಂತ್ರಣದ ವೃತ್ತಿಪರರಿಗೆ ಮಾತ್ರ ಸೀಮಿತ ಮಾಡಿತು. ಅದು ಹಾಗಿರಲಿ, ನಾವು ಕುಡಿಯುವ ಬಾವಿ ಅಲ್ಲೇ ಇದೆ. ನನಗೆ ಅಷ್ಟು ಸಾಕು.

ಯಾವ ಸಲಕರಣೆ ಹಿಡಿದರೂ ಗಂಬೂಟು ಹಾಕಿಕೊಳ್ಳಿ. ಪೊದೆಗೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿ. ಕೊಳಕುಮಂಡಲ ತರಗೆಲೆಯ ಬಣ್ಣದ್ದೇ ಇರುತ್ತದೆ, ಎಷ್ಟೋ ಸಲ ಕದಲದೆ ಮಲಗಿರುತ್ತದೆ.

ಬಿಡಿಸಿದ ನೆಲವನ್ನು ಖಾಲಿ ಬಿಡಬೇಡಿ. ಅರ್ಧ ಜಾಗಕ್ಕೆ ಹುರುಳಿ ಎರಚಿದೆ, ಇನ್ನರ್ಧಕ್ಕೆ ಸಿಹಿಗುಂಬಳದ ಬಳ್ಳಿ ಹಬ್ಬಿಸಿದೆ. ಹುರುಳಿ ಬೇಗ ಮೊಳೆತು ನೆಲ ಮುಚ್ಚಿತು, ಪಾರ್ಥೇನಿಯಂ ಸಸಿಗಳು ಅದರ ಕೆಳಗೆ ಏಳಲಿಲ್ಲ. ಕುಂಬಳ ಹರಡುವಷ್ಟರಲ್ಲಿ ಮಧ್ಯೆ ಮಧ್ಯೆ ಕಳೆ ಬಂದಿತ್ತು. ಈ ಸಲ ಮೊದಲ ಮಳೆಗೆ ಇಡೀ ಜಾಗಕ್ಕೆ ಹುರುಳಿಯೇ.