ಸ್ಯಾಂಪಲ್ ಒಂದು, ವಿಂಡೋಗೆ ಬಂದ ಮಾಲು ಇನ್ನೊಂದು: ಡಿಸ್‌ಪ್ಲೇ ಮಾಡಿಸುವವರೇ, ಹುಷಾರು

ದೊಡ್ಡ ಬ್ರ್ಯಾಂಡ್‌ಗಳ ಮಳಿಗೆಗೆ ವಿಂಡೋ ಡಿಸ್‌ಪ್ಲೇ ಮಾಡಿಸುವವರಿಗೆ, ಅದರಲ್ಲೂ ಹೊಸ ಫ್ಯಾಬ್ರಿಕೇಟರ್‌ಗೆ (ಡಿಸ್‌ಪ್ಲೇ ತಯಾರಿಸಿಕೊಡುವವರಿಗೆ) ಮೊದಲ ಸಲ ಕೆಲಸ ಒಪ್ಪಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕೊಟೇಶನ್‌ನಲ್ಲಿ ‘ಅಥವಾ ಅದಕ್ಕೆ ಸಮನಾದ ಮಾಲು’ ಅನ್ನೋ ಸಾಲು ಇದ್ದರೆ ಅದನ್ನು ಹೊಡೆದುಹಾಕಿಸಿ, ಆಮೇಲೆ ಸಹಿ ಮಾಡಿ. ನಮ್ಮ ವಿಂಡೋ ಹಾಳಾದಾಗ ಫ್ಯಾಬ್ರಿಕೇಟರ್ ತಪ್ಪಿಸಿಕೊಂಡಿದ್ದು ಇದೇ ಸಾಲು ತೋರಿಸಿ.

ಬೆಳ್ಳಿ ಆಭರಣ ಮಾರುವ ಒಂದು ಐಷಾರಾಮಿ ಮಳಿಗೆಯ ಕೆಲಸ ಅದು. ವಿನ್ಯಾಸ ನಮ್ಮದು, ತಯಾರಿಕೆ ಫ್ಯಾಬ್ರಿಕೇಟರ್‌ದು. ಎರಡು ಮೀಟರ್ ಎತ್ತರದ ಪಾರದರ್ಶಕ ಅಕ್ರಿಲಿಕ್ ಪಟ್ಟಿಗಳು ಸ್ಟೀಲ್ ಫ್ರೇಮಿನಲ್ಲಿ ಸಾಲಾಗಿ ನಿಲ್ಲಬೇಕು, ಅವುಗಳ ನಡುವೆ ಬಟ್ಟೆ ಹೊದಿಸಿದ ಪೀಠಗಳು, ಪೀಠದ ಮೇಲೆ ಒಂದೊಂದೇ ಆಭರಣ. ಅವರು ತಂದು ತೋರಿಸಿದ ಸ್ಯಾಂಪಲ್ ನಿಜಕ್ಕೂ ಚೆನ್ನಾಗಿತ್ತು. ಕಾಸ್ಟ್ ಅಕ್ರಿಲಿಕ್, ಅಂದರೆ ಅಚ್ಚಿನಲ್ಲಿ ಎರೆದು ಮಾಡಿದ ಹಾಳೆ, ಅಂಚು ಗಾಜಿನಷ್ಟೇ ನಯ. ಮಳಿಗೆಯವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಒಪ್ಪಿದರು.

ಆಮೇಲೆ ಉದ್ಘಾಟನೆಯ ದಿನ ಬದಲಾಯಿತು. ಅದಕ್ಕೆ ತಕ್ಕಂತೆ ಪರಿಷ್ಕೃತ ಕೊಟೇಶನ್ ಬಂತು. ಜೊತೆಗಿದ್ದ ಮೇಲ್‌ನಲ್ಲಿ ‘ದಿನಾಂಕ ಮಾತ್ರ ಬದಲಾಗಿದೆ, ಉಳಿದದ್ದೆಲ್ಲ ಹಾಗೇ ಇದೆ’ ಅಂತ ಬರೆದಿದ್ದರು. ಉಳಿದದ್ದು ಹಾಗೇ ಇರಲಿಲ್ಲ. ಷರತ್ತುಗಳ ಪುಟದ ಕೊನೆಯಲ್ಲಿ ಆ ಹೊಸ ಸಾಲು ಸೇರಿಕೊಂಡಿತ್ತು. ಬದಲಾಗಿಲ್ಲ ಅಂತ ಬರೆದುಕೊಟ್ಟು ಬದಲಾಯಿಸುವುದು ಕಣ್ತಪ್ಪಲ್ಲ, ಮೋಸ. ಬೇರೆ ಹೆಸರು ನನಗೆ ಗೊತ್ತಿಲ್ಲ.

ವಿಂಡೋ ಕೆಲಸ ನಡೆಯುವುದು ಮಳಿಗೆ ಮುಚ್ಚಿದ ಮೇಲೆ. ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿ, ರಾತ್ರಿಯೆಲ್ಲ ಕೂರಿಸಿ, ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಪೇಪರ್ ಕಿತ್ತುಬಿಡಬೇಕು. ಸಂಜೆ ಬರಬೇಕಿದ್ದ ಮಾಲು ಬಂದದ್ದು ನಡುರಾತ್ರಿ ದಾಟಿದ ಮೇಲೆ. ಆ ಹೊತ್ತಿನಲ್ಲಿ ಪ್ಯಾಕಿಂಗ್ ಬಿಚ್ಚಿ ಕೂರಿಸುವುದಕ್ಕೇ ಸಮಯ ಸಾಲದು, ಒಂದೊಂದನ್ನೂ ಪರೀಕ್ಷೆ ಮಾಡುವ ಮಾತೆಲ್ಲಿ? ಮಾಲು ತಡವಾದಷ್ಟೂ ತಪಾಸಣೆ ಕಮ್ಮಿಯಾಗುತ್ತದೆ ಅಂತ ಈ ಕಸುಬಿನಲ್ಲಿ ಇರುವ ಎಲ್ಲರಿಗೂ ಗೊತ್ತು.

ಬೆಳಿಗ್ಗೆ ನೋಡಿದವರೆಲ್ಲ ಹೊಗಳಿದರು. ಕೆಲವೇ ದಿನಗಳಲ್ಲಿ ಅಂಚುಗಳಲ್ಲಿ ಬಿರುಕು ಶುರುವಾಯಿತು. ದೂರದಿಂದ ಕಾಣುತ್ತಿರಲಿಲ್ಲ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಸ್ಪಾಟ್‌ಲೈಟ್ ಬಿದ್ದಾಗ ಒಂದೊಂದು ಗೆರೆಯೂ ಮಿನುಗುತ್ತಿತ್ತು. ಮುಟ್ಟಿದರೆ ಏನೂ ಗೊತ್ತಾಗದು, ಆದರೆ ಒಮ್ಮೆ ಕಂಡ ಮೇಲೆ ಕಣ್ಣು ಬೇರೆಲ್ಲೂ ಹೋಗದು. ಇದನ್ನು ಕ್ರೇಜಿಂಗ್ ಅನ್ನುತ್ತಾರೆ.

ಲೇಸರ್‌ನಲ್ಲಿ ಕತ್ತರಿಸಿದಾಗ ಅಥವಾ ಅಂಚಿಗೆ ಬೆಂಕಿಯ ಪಾಲಿಶ್ ಕೊಟ್ಟಾಗ ಅಕ್ರಿಲಿಕ್ ಒಳಗೆ ಒಂದು ಬಿಗಿ ಉಳಿದುಬಿಡುತ್ತದೆ. ಅದನ್ನು ತೆಗೆಯಲು ತುಂಡುಗಳನ್ನು ಓವನ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ಆರಿಸಬೇಕು. ಇದಕ್ಕೆ ಅನೀಲಿಂಗ್ ಅಂತ ಹೆಸರು. ಹಾಗೆ ಮಾಡದ ಅಂಚಿಗೆ ಆಲ್ಕೊಹಾಲ್ ಅಥವಾ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ತಗುಲಿದರೆ ಬಿರುಕು ಬಿಡುತ್ತದೆ. ಕಾಸ್ಟ್ ಬದಲು ಅಗ್ಗದ ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ತೆಗೆದ) ಹಾಳೆಯಾದರೆ ಈ ಕಾಟ ಇನ್ನೂ ಜಾಸ್ತಿ. ನಮಗೆ ಬಂದದ್ದು ಎಕ್ಸ್‌ಟ್ರೂಡೆಡ್, ಅದೂ ಅನೀಲಿಂಗ್ ಇಲ್ಲದ್ದು. ಫ್ಯಾಬ್ರಿಕೇಟರ್ ಮಾತ್ರ ಗಾಜು ಒರೆಸುವ ಹುಡುಗರ ಮೇಲೆ ತಪ್ಪು ಹೊರಿಸಿದರು. ಪಾಪ, ಅವರು ಒರೆಸಿದ್ದು ಎಲ್ಲ ಕಡೆ ಬಳಸುವ ಮಾಮೂಲಿ ಕ್ಲೀನರ್‌ನಿಂದಲೇ.

ಕಾಸ್ಟ್ ಹೌದೋ ಅಲ್ಲವೋ ಅಂತ ನೋಡಲು ಸುಲಭದ ದಾರಿಯೊಂದಿದೆ. ಅದೇ ಹಾಳೆಯಿಂದ ಉಳಿದ ತುಂಡೊಂದರ ಮೇಲೆ ಲೇಸರ್‌ನಿಂದ ಒಂದು ಅಕ್ಷರ ಕೊರೆಸಿ. ಕಾಸ್ಟ್ ಆದರೆ ಕೊರೆದ ಜಾಗ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಎಕ್ಸ್‌ಟ್ರೂಡೆಡ್ ಆದರೆ ಹೆಚ್ಚುಕಮ್ಮಿ ಪಾರದರ್ಶಕವಾಗಿಯೇ ಉಳಿಯುತ್ತದೆ.

ಬಿರುಕಿನ ಹಿಂದೆಯೇ ಪಟ್ಟಿಗಳು ಬಾಗತೊಡಗಿದವು. ಮಧ್ಯಾಹ್ನದ ಬಿಸಿಲು ನೇರ ಬೀಳುವ ವಿಂಡೋದೊಳಗೆ ಶಾಖ ಹೊರಗಿಗಿಂತ ಎಷ್ಟೋ ಜಾಸ್ತಿ. ಎರಡು ಮೀಟರ್ ಅಕ್ರಿಲಿಕ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಸ್ಟೀಲ್ ಅಷ್ಟು ಹಿಗ್ಗುವುದಿಲ್ಲ. ಅದಕ್ಕೇ ನಮ್ಮ ಡ್ರಾಯಿಂಗ್‌ನಲ್ಲಿ ಸ್ಕ್ರೂ ಕೂರುವಲ್ಲಿ ಉದ್ದನೆಯ ತೂತು ತೋರಿಸಿದ್ದೆವು. ಅವರು ಕೊರೆದಿದ್ದು ಬಿಗಿಯಾದ ದುಂಡು ತೂತು. ಹಿಗ್ಗಲು ಜಾಗವಿಲ್ಲದೆ ಪಟ್ಟಿ ಮುಂದಕ್ಕೆ ಉಬ್ಬಿತು.

ಇವೆರಡನ್ನೂ ಹೇಗೋ ಸಹಿಸಬಹುದಿತ್ತು. ನನಗೆ ತುಂಬಾ ನೋವಾದದ್ದು ಆಭರಣಕ್ಕೆ ಆದ ಹಾನಿ. ಪೀಠಕ್ಕೆ ಗಂಧಕ ಇಲ್ಲದ, ಪರೀಕ್ಷೆಯಾದ ಹತ್ತಿ ವೆಲ್ವೆಟ್ ಅಂತ ಬರೆದಿದ್ದೆವು. ಹೊದಿಸಿದ್ದು ಉಣ್ಣೆಯ ಫೆಲ್ಟ್, ಅಂದರೆ ನೇಯದೆ ಒತ್ತಿ ಮಾಡಿದ ಬಟ್ಟೆ. ಮೇಲ್ನೋಟಕ್ಕೆ ಬಣ್ಣ ಅದೇ, ಸ್ಪಾಟ್‌ಲೈಟ್ ಕೆಳಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೆ ಉಣ್ಣೆಯಲ್ಲಿ ಸಹಜವಾಗಿಯೇ ಗಂಧಕ ಇರುತ್ತದೆ. ಬಿಸಿಯಾದಾಗ, ಬೆಳಕು ಬಿದ್ದಾಗ ಅದರಿಂದ ಹೊರಬರುವ ಅನಿಲ ಬೆಳ್ಳಿಯ ಮೇಲ್ಮೈಯನ್ನು ಸಿಲ್ವರ್ ಸಲ್ಫೈಡ್ ಮಾಡುತ್ತದೆ. ಮುಚ್ಚಿದ ವಿಂಡೋದಲ್ಲಿ ಗಾಳಿಯಾಡದೆ ಅದು ಅಲ್ಲೇ ಉಳಿಯುತ್ತದೆ. ಒಂದು ಬಳೆಯನ್ನು ಎತ್ತಿ ನೋಡಿದೆ. ಮೇಲ್ಭಾಗ ಇನ್ನೂ ಹೊಳೆಯುತ್ತಿತ್ತು. ಬಟ್ಟೆಗೆ ತಾಗಿದ ಕಡೆ ಹಳದಿ, ಅದರ ನಡುವೆ ಕಂದು. ಅಷ್ಟು ಸೂಕ್ಷ್ಮ ಕುಸುರಿ ಇರುವ ವಸ್ತುವನ್ನು ಮತ್ತೆ ಮತ್ತೆ ಪಾಲಿಶ್ ಮಾಡಿದರೆ ಕುಸುರಿಯೇ ಸವೆದುಹೋಗುತ್ತದೆ. ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದವರ ಶ್ರಮ ಒಂದು ತುಂಡು ಫೆಲ್ಟ್‌ನಿಂದ ಹಾಳಾಗಬೇಕಾ?

ಮ್ಯೂಸಿಯಂಗಳು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದಿವೆ. ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿ ಆಂಡ್ರ್ಯೂ ಆಡಿ 1973ರಲ್ಲಿ ಒಂದು ಪರೀಕ್ಷಾ ವಿಧಾನ ರೂಪಿಸಿದರು, ಅವರ ಹೆಸರಿನಲ್ಲೇ ಅದು ಆಡಿ ಟೆಸ್ಟ್ ಅಂತ ಇವತ್ತಿಗೂ ನಡೆಯುತ್ತಿದೆ. ಬಳಸಬೇಕೆಂದಿರುವ ಬಟ್ಟೆ, ಅಂಟು, ಹಲಗೆ ಯಾವುದೇ ಇರಲಿ, ಅದರ ಜೊತೆ ಬೆಳ್ಳಿ, ತಾಮ್ರ, ಸೀಸದ ಸಣ್ಣ ತಗಡುಗಳನ್ನು ತೇವ ತುಂಬಿದ ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ತಗಡು ಮಂಕಾದರೆ ಆ ವಸ್ತು ಬೇಡ. ಕೆಲಸ ಒಪ್ಪಿಕೊಂಡ ವಾರವೇ ಇದನ್ನು ಶುರು ಮಾಡಿಸದಿದ್ದರೆ ಆಮೇಲೆ ಸಮಯ ಸಿಗುವುದಿಲ್ಲ. ಬೆಳ್ಳಿ ಇಲ್ಲದಿದ್ದರೂ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಯ ಬಗ್ಗೆ ಎಚ್ಚರ ಇರಲಿ. ಮರದ ಹಲಗೆಗಳಿಂದ ಹೊರಬರುವ ಆಮ್ಲದ ಆವಿ ಮುತ್ತಿಗೂ ಒಳ್ಳೆಯದಲ್ಲ.

ಲೈಟಿನಲ್ಲೂ ಕೈಚಳಕ ತೋರಿಸಿದ್ದರು. ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕೂ ಮೇಲಿನ ಎಲ್‌ಇಡಿ ಅಂತ ಬರೆದಿದ್ದ ಕಡೆ ಕೂತಿದ್ದು 80ರದ್ದು. ಮಳಿಗೆಯ ಕೆಂಪು ಚರ್ಮದ ಪೆಟ್ಟಿಗೆಗಳು ಅದರ ಕೆಳಗೆ ಕಂದಾಗಿ ಕಂಡವು. ಸಿಆರ್‌ಐ ಅನ್ನೋದು ಎಂಟು ಬಣ್ಣಗಳ ಸರಾಸರಿ, ಕಡು ಕೆಂಪು ಆ ಎಂಟರಲ್ಲಿ ಇಲ್ಲ. ಹಾಗಾಗಿ ಕಡು ಕೆಂಪಿನ ಅಳತೆಯಾದ ಆರ್9 ಎಷ್ಟು ಅಂತ ಬೇರೆಯಾಗಿ ಕೇಳಿ ಬರೆಸಿಕೊಳ್ಳಿ.

ಬೆಂಕಿ ಸುರಕ್ಷತೆಯ ಸರ್ಟಿಫಿಕೇಟ್ ಕೊಟ್ಟಿದ್ದರು, ನಿಜ. ಆದರೆ ಅದರಲ್ಲಿದ್ದದ್ದು ಬೇರೆ ಬಟ್ಟೆ. ಇಎನ್ 13501-1ರಂಥ (ವಸ್ತು ಬೆಂಕಿಗೆ ಹೇಗೆ ವರ್ತಿಸುತ್ತದೆ ಅನ್ನುವ ಯುರೋಪಿನ ಮಾನದಂಡ) ವರ್ಗೀಕರಣ ಸಿಗುವುದು ಪರೀಕ್ಷೆ ಮಾಡಿದ ಆ ವಸ್ತುವಿಗೆ, ಅದರ ದಪ್ಪ ಮತ್ತು ಅಂಟಿಸಿದ ಬಗೆಯನ್ನೂ ಸೇರಿಸಿ. ಜನ ಓಡಾಡುವ ಜಾಗದಲ್ಲಿ ಇದು ಪ್ರಾಣದ ಪ್ರಶ್ನೆ. ಉಳಿದದ್ದಕ್ಕೆಲ್ಲ ಮಾತುಕತೆ ಇರಬಹುದು, ಇದಕ್ಕೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಒಪ್ಪಿದ ವಿಂಡೋವನ್ನು ಹೇಳದೆ ಬದಲಾಯಿಸುವ ಚಾಳಿ ಹಳೆಯದು. 1939ರಲ್ಲಿ ನ್ಯೂಯಾರ್ಕ್‌ನ ಬಾನ್ವಿಟ್ ಟೆಲ್ಲರ್ ಮಳಿಗೆ ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಅವರಿಂದ ವಿಂಡೋ ಮಾಡಿಸಿ, ಜನ ದೂರಿದರು ಅಂತ ಅವರನ್ನು ಕೇಳದೆ ಬೊಂಬೆಗಳನ್ನು ಬದಲಿಸಿತು. ಸಿಟ್ಟಿಗೆದ್ದು ಒಳಗೆ ನುಗ್ಗಿದ ಡಾಲಿ ಅಲ್ಲಿದ್ದ ಸ್ನಾನದ ತೊಟ್ಟಿಯನ್ನು ಎಳೆದಾಡುವಾಗ ಅದು ಗಾಜು ಒಡೆದು ಬೀದಿಗೆ ಬಿತ್ತು. ಅಲ್ಲಿ ಬದಲಿಸಿದ್ದು ಮಳಿಗೆ, ನಮ್ಮಲ್ಲಿ ತಯಾರಕರು. ಆದರೂ ಆ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮಳಿಗೆಯವರು ವಿಂಡೋಗೆ ಮತ್ತೆ ಪೇಪರ್ ಹೊದಿಸಿ ಎಲ್ಲವನ್ನೂ ಕೀಳಿಸಿದರು. ಬೇರೊಂದು ವರ್ಕ್‌ಶಾಪ್‌ನಿಂದ ಪೂರ್ತಿ ಹೊಸದಾಗಿ ಮಾಡಿಸಿ ಕೊಟ್ಟೆವು, ಖರ್ಚು ನಮ್ಮದೇ. ಹಳೆಯ ಫ್ಯಾಬ್ರಿಕೇಟರ್ ಆ ಸಾಲನ್ನೇ ಹಿಡಿದು ಬ್ಯಾಲೆನ್ಸ್ ಹಣಕ್ಕೆ ನೋಟಿಸ್ ಕಳಿಸಿದ್ದಾರೆ. ಆ ಜಗಳ ಇನ್ನೂ ನಡೆಯುತ್ತಿದೆ.

ಈಗ ನಾವು ಒಪ್ಪಿಗೆಯಾದ ಸ್ಯಾಂಪಲ್ ಅನ್ನು ಎರಡು ತುಂಡು ಮಾಡಿ, ಎರಡಕ್ಕೂ ಎಲ್ಲರ ಸಹಿ ಹಾಕಿಸಿ, ಒಂದನ್ನು ನಮ್ಮಲ್ಲಿ ಸೀಲ್ ಮಾಡಿ ಇಡುತ್ತೇವೆ. ಕೊಟೇಶನ್‌ನಲ್ಲಿ ಹಾಳೆ, ಬಟ್ಟೆ, ಅಂಟು, ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಎಲ್ಲದರ ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆ ಇರಬೇಕು. ಬದಲಾಯಿಸಬೇಕಾದರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಪರಿಷ್ಕೃತ ಪ್ರತಿ ಬಂದರೆ ಹಳೆಯದರ ಜೊತೆ ಕಂಪ್ಯೂಟರ್‌ನಲ್ಲೇ ಹೋಲಿಸಿ ನೋಡುತ್ತೇವೆ. ವಿಂಡೋದ ಒಂದು ಭಾಗವನ್ನು ವರ್ಕ್‌ಶಾಪ್‌ನಲ್ಲೇ ಪೂರ್ತಿ ಅಳತೆಯಲ್ಲಿ, ಅದೇ ಲೈಟಿನ ಕೆಳಗೆ ನಿಲ್ಲಿಸಿ ತೋರಿಸದೆ ಮಾಲು ಹೊರಡುವಂತಿಲ್ಲ. ಹಣದ ಕೊನೆಯ ಕಂತನ್ನು ಡಿಸ್‌ಪ್ಲೇ ಅವಧಿ ಮುಗಿದು ಬಿಚ್ಚಿದ ಮೇಲೆ ಕೊಡುತ್ತೇವೆ. ಇದಕ್ಕೆ ಒಪ್ಪದ ಫ್ಯಾಬ್ರಿಕೇಟರ್‌ಗಳು ಇದ್ದಾರೆ, ಅವರಿಗೆ ಕೆಲಸ ಕೊಡುವುದಿಲ್ಲ. ಒಪ್ಪುವವರೂ ಇದ್ದಾರೆ. ಎರಡನೇ ಸಲ ನಮಗೆ ಮಾಡಿಕೊಟ್ಟವರು ಕೇಳುವ ಮೊದಲೇ ಅನೀಲಿಂಗ್ ಓವನ್‌ನ ದಾಖಲೆಯನ್ನು ತಂದು ಮುಂದಿಟ್ಟರು.